ಮಕ್ಕಾದ ಬಿಸಿಲು ಮತ್ತು ನಮ್ಮ ಉಮ್ಮಂದಿರು

ಕಅಬಾದ ಚಿತ್ರವಿಲ್ಲದ ಮನೆ ನಮ್ಮಲ್ಲಿ ಕಡಿಮೆ. ಕೆಲವರ ಮನೆಯಲ್ಲಿ ಅದು ಗೋಡೆ ಗಡಿಯಾರದೊಳಗಿದ್ದರೆ, ಕೆಲವರ ಮನೆಯಲ್ಲಿ ಮುಸಲ್ಲಾದ ಮೇಲಿರುತ್ತದೆ. ಆ ಚಿತ್ರದಲ್ಲಿ ಜನಸಾಗರ ಕಾಣುತ್ತದೆ, ಬಿಳಿ ಅಮೃತಶಿಲೆ ಕಾಣುತ್ತದೆ, ಮಿನಾರಗಳ ಬೆಳಕು ಕಾಣುತ್ತದೆ. ಬಿಸಿಲು ಮಾತ್ರ ಕಾಣುವುದಿಲ್ಲ. ಹಜ್ಜ್‌ಗೆ ಹೊರಟ ಹೆಂಗಸರಿಗೆ ನಾವು ದುಆಗಳನ್ನು ಕಲಿಸುತ್ತೇವೆ, ಇಹ್ರಾಮಿನ ನಿಯಮಗಳನ್ನು ತಿಳಿಸುತ್ತೇವೆ, ಉಪ್ಪಿನಕಾಯಿ, ಚಟ್ನಿ ಪುಡಿ ಕಟ್ಟಿ ಕೊಡುತ್ತೇವೆ. ಆ ಊರಿನ ಹವೆ ಹೇಗಿದೆ, ಅದು ದೇಹಕ್ಕೆ ಏನು ಮಾಡುತ್ತದೆ ಎಂದು ಹೇಳಿಕೊಡುವವರು ಬಹಳ ಕಡಿಮೆ. ಮದ್ರಸದಲ್ಲಿ ಓದಿ, ಮದ್ರಸದಲ್ಲೇ ಪಾಠ ಹೇಳುವ ನನಗೆ ಬಿಎಯಲ್ಲಿ ಕಲಿತ ಭೂಗೋಳ ಇಷ್ಟು ಉಪಯೋಗಕ್ಕೆ ಬರಬಹುದೆಂದು ನಾನು ಎಣಿಸಿರಲಿಲ್ಲ.

ಮಕ್ಕಾ ಇರುವುದು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಸ್ವಲ್ಪ ದಕ್ಷಿಣಕ್ಕೆ. ಆದ್ದರಿಂದ ವರ್ಷದಲ್ಲಿ ಎರಡು ಬಾರಿ, ಮೇ 27-28ರಂದು ಮತ್ತು ಜುಲೈ 15-16ರಂದು, ಮಧ್ಯಾಹ್ನದ ಸೂರ್ಯ ಕಅಬಾದ ನೆತ್ತಿಯ ಮೇಲೆಯೇ ಬರುತ್ತಾನೆ. ಆ ಗಳಿಗೆಯಲ್ಲಿ ಅಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ನಮ್ಮ ಗಡಿಯಾರದಲ್ಲಿ ಆಗ ಮೇ ತಿಂಗಳಾದರೆ 2 ಗಂಟೆ 48 ನಿಮಿಷ. ಆ ಹೊತ್ತಿಗೆ ನಾವು ಸೂರ್ಯನ ಕಡೆಗೆ ಮುಖ ಮಾಡಿ ನಿಂತರೆ ಅದೇ ಕಿಬ್ಲಾ. ಮಕ್ಕಳಿಗೆ ಅಂಗಳದಲ್ಲಿ ಕೋಲು ನೆಟ್ಟು ನಾನು ಇದನ್ನು ತೋರಿಸುವುದುಂಟು. ಜುಲೈಯಲ್ಲಿ ನಮ್ಮ ಕರಾವಳಿಯ ಆಕಾಶ ಮೋಡ ಕವಿದಿರುವುದರಿಂದ ಮೇ ತಿಂಗಳೇ ಅನುಕೂಲ. "ಹಾಗಾದರೆ ಅಲ್ಲಿ ಎಷ್ಟು ಬಿಸಿಲಿರಬಹುದು ಟೀಚರ್?" ಎಂದು ಒಮ್ಮೆ ಒಬ್ಬಳು ಹುಡುಗಿ ಕೇಳಿದಳು. ಆ ಪ್ರಶ್ನೆ ದೊಡ್ಡವರೂ ಕೇಳಬೇಕಾದದ್ದು.

ಉತ್ತರ ಹೀಗಿದೆ. ಜೂನ್ ತಿಂಗಳಲ್ಲಿ ಮಕ್ಕಾದ ಹಗಲಿನ ಉಷ್ಣತೆ ಸಾಮಾನ್ಯವಾಗಿಯೇ 43-44 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಜನವರಿಯಲ್ಲೂ ಹಗಲು ಸುಮಾರು 30 ಡಿಗ್ರಿ ಇರುತ್ತದೆ. ವರ್ಷವಿಡೀ ಬೀಳುವ ಮಳೆ ಸರಾಸರಿ 110 ಮಿಲಿಮೀಟರ್‌ನಷ್ಟು. ಜುಲೈಯಲ್ಲಿ ನಮ್ಮ ಕರಾವಳಿಯಲ್ಲಿ ಒಂದೇ ದಿನ ಅಷ್ಟು ಮಳೆ ಬೀಳುವುದನ್ನು ನಾವು ನೋಡಿದ್ದೇವೆ. ಸುತ್ತಲೂ ಬೋಳು ಬೆಟ್ಟಗಳು. ಒಂದು ಕಡೆ ಅಬೂ ಕುಬೈಸ್, ದೂರದಲ್ಲಿ ಹಿರಾ ಗುಹೆಯಿರುವ ಜಬಲ್ ನೂರ್, ಇನ್ನೊಂದೆಡೆ ಸೌರ್. ಹಗಲಿಡೀ ಕಾದ ಕಲ್ಲು ರಾತ್ರಿಯೂ ಶಾಖವನ್ನು ಬಿಡುತ್ತಲೇ ಇರುತ್ತದೆ. ಕಣಿವೆಯ ತಗ್ಗಿನಲ್ಲಿರುವ ಊರು ಹಂಚಿನ ಮೇಲಿನ ರೊಟ್ಟಿಯಂತೆ ಬೇಯುತ್ತದೆ. ತನ್ನ ಮಡದಿ ಮಕ್ಕಳನ್ನು ಬಿಟ್ಟುಹೋಗುವಾಗ ಇಬ್ರಾಹೀಮ್(ಅ) ಮಾಡಿದ ಪ್ರಾರ್ಥನೆಯಲ್ಲಿ ಆ ಜಾಗವನ್ನು ಬೆಳೆಯಿಲ್ಲದ ಕಣಿವೆ ಎಂದು ಕರೆದುದನ್ನು ನಾವೆಲ್ಲ ಓದಿದ್ದೇವೆ. ಕುರೈಶರು ಚಳಿಗಾಲದಲ್ಲಿ ಯಮನ್‌ಗೂ ಬೇಸಿಗೆಯಲ್ಲಿ ಸಿರಿಯಾ ಕಡೆಗೂ ವ್ಯಾಪಾರಕ್ಕೆ ಹೋಗುತ್ತಿದ್ದುದು ಕೂಡ ಇದೇ ಕಾರಣಕ್ಕೆ. ಬೆಳೆಯಿಲ್ಲದ ಊರಿಗೆ ಅನ್ನ ಹೊರಗಿನಿಂದಲೇ ಬರಬೇಕಿತ್ತು.

ಸಮುದ್ರ ದೂರವೇನಿಲ್ಲ. ಪಶ್ಚಿಮಕ್ಕೆ ಎಂಬತ್ತು ಕಿಲೋಮೀಟರಿನೊಳಗೆ ಕೆಂಪು ಸಮುದ್ರ, ಅದರ ದಡದಲ್ಲಿ ಜಿದ್ದಾ. ಖಲೀಫಾ ಉಸ್ಮಾನ್(ರ) ಕ್ರಿ.ಶ. 647ರಲ್ಲಿ ಮಕ್ಕಾದ ಬಂದರಾಗಿ ಆರಿಸಿದ್ದು ಅದನ್ನೇ. ಮುಂಬಯಿಯಿಂದ ಹಡಗೇರಿದ ನಮ್ಮ ಹಿರಿಯರು ಇಳಿಯುತ್ತಿದ್ದುದೂ ಅಲ್ಲೇ. 1995ರ ನಂತರ ಹಡಗಿನ ಆ ಯಾತ್ರೆ ನಿಂತಿತು. ನಮ್ಮ ಕರಾವಳಿಯವರಿಗೆ ಜಿದ್ದಾದ ಹವೆ ಅಪರಿಚಿತವಲ್ಲ. ಅದು ಮೇ ತಿಂಗಳ ಮಂಗಳೂರಿನ ಸೆಖೆ. ಬೆವರು ಸುರಿಯುತ್ತದೆ, ಒಣಗುವುದಿಲ್ಲ. ಮಕ್ಕಾದ ಬೇಸಿಗೆ ಹಾಗಲ್ಲ. ಅದು ರಾಯಚೂರು, ಕಲಬುರಗಿಯ ಉರಿ, ಅದಕ್ಕಿಂತಲೂ ಹೆಚ್ಚಿನದು. ಗಾಳಿ ಒಣಗಿರುವುದರಿಂದ ಬೆವರು ಬಂದದ್ದೇ ತಿಳಿಯುವುದಿಲ್ಲ, ಬಂದ ಹಾಗೆಯೇ ಆರಿಹೋಗುತ್ತದೆ. ಮೈ ಒದ್ದೆಯಾಗಲಿಲ್ಲ, ಆದ್ದರಿಂದ ನೀರು ಹೋಗಿಲ್ಲ ಎಂದು ಭಾವಿಸುತ್ತೇವೆ. ಕರಾವಳಿಯ ಹೆಂಗಸರು ಮೋಸಹೋಗುವುದು ಇಲ್ಲಿಯೇ.

ಮಕ್ಕಾದ ಹವೆಯ ಕಥೆಯೆಂದರೆ ಅದು ನೀರಿನ ಕಥೆ. ನೀರಿನ ಕಥೆಯೆಂದರೆ ಅದು ಹೆಂಗಸರ ಕಥೆ. ಹಾಜರಾ(ಅ) ಸಫಾ-ಮರ್ವಾದ ನಡುವೆ ಓಡಿದ್ದು ಬಾಯಾರಿದ ಕೂಸಿಗಾಗಿ. ಆ ತಾಯಿಯ ಓಟವನ್ನು ಇಂದಿಗೂ ಪ್ರತಿಯೊಬ್ಬ ಹಾಜಿಯೂ ಓಡುತ್ತಾನೆ. ದುಲ್‌ಹಜ್ಜ್ 8ನೇ ದಿನಕ್ಕೆ ತರ್ವಿಯಾ ಎಂಬ ಹೆಸರು ಬಂದದ್ದು ನೀರು ತುಂಬಿಕೊಳ್ಳುವುದರಿಂದ. ಮಿನಾ, ಅರಫಾತ್‌ಗಳಲ್ಲಿ ಹನಿ ನೀರೂ ಇಲ್ಲದ ಕಾಲದಲ್ಲಿ ಜನ ಅಂದು ಚರ್ಮದ ಚೀಲಗಳಲ್ಲಿ ನೀರು ಹೊತ್ತು ಹೊರಡುತ್ತಿದ್ದರು. ಖಲೀಫಾ ಹಾರೂನ್ ರಶೀದರ ಪತ್ನಿ ಝುಬೈದಾ, ಹಾಜಿಗಳ ನೀರಿನ ಬವಣೆ ಕಂಡು ನುಅ್‌ಮಾನ್ ಕಣಿವೆಯಿಂದ ಬೆಟ್ಟ ಕೊರೆಸಿ ಕಾಲುವೆ ತರಿಸಿದರು. ಐನ್ ಝುಬೈದಾ ಎಂಬ ಆ ಕಾಲುವೆ ದುರಸ್ತಿಯಾಗುತ್ತಾ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಮಕ್ಕಾಕ್ಕೆ ನೀರುಣಿಸಿತು. 16ನೇ ಶತಮಾನದಲ್ಲಿ ಅದು ಹಾಳಾದಾಗ ಸರಿಪಡಿಸಲು ಹಣ ಕೊಟ್ಟವರೂ ಒಬ್ಬ ಹೆಂಗಸೇ, ಉಸ್ಮಾನಿ ಸುಲ್ತಾನ್ ಸುಲೈಮಾನರ ಮಗಳು ಮಿಹ್ರಿಮಾ. ಇಂದು ಕೆಂಪು ಸಮುದ್ರದ ಉಪ್ಪು ನೀರನ್ನೇ ಶುಐಬಾದಂತಹ ಸ್ಥಾವರಗಳಲ್ಲಿ ಸಿಹಿ ಮಾಡಿ ಕೊಳವೆಗಳಲ್ಲಿ ಮಕ್ಕಾಕ್ಕೆ ತರಲಾಗುತ್ತಿದೆ.

ಹಾಗೆಂದು ಮಳೆ ಬಂದರೆ ಸುಖವೂ ಅಲ್ಲ. ಮಣ್ಣಿಲ್ಲದ ಬೋಳು ಬೆಟ್ಟದ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ನೇರವಾಗಿ ಕಣಿವೆಗೆ ನುಗ್ಗುತ್ತದೆ. ಕಣಿವೆಯ ತಳದಲ್ಲಿಯೇ ಕಅಬಾ ಇದೆ. ಖಲೀಫಾ ಉಮರ್(ರ) ಕಾಲದಲ್ಲಿ, ಹಿಜರಿ 17ರಲ್ಲಿ ಬಂದ ಪ್ರವಾಹ ಮಖಾಮೆ ಇಬ್ರಾಹೀಮನ್ನೇ ಸರಿಸಿತ್ತು. ಅದರಲ್ಲಿ ಕೊಚ್ಚಿಹೋದ ಹೆಂಗಸೊಬ್ಬರ ಹೆಸರಿನಿಂದ ಅದನ್ನು ಉಮ್ಮು ನಹ್ಶಲ್ ಪ್ರವಾಹವೆಂದೇ ಕರೆದರು. 1630ರ ಪ್ರವಾಹದಲ್ಲಿ ಕಅಬಾದ ಗೋಡೆಗಳೇ ಕುಸಿದು, ಸುಲ್ತಾನ್ ನಾಲ್ಕನೇ ಮುರಾದರ ಕಾಲದಲ್ಲಿ ಮತ್ತೆ ಕಟ್ಟಬೇಕಾಯಿತು. 1941ರಲ್ಲಿ ಹರಮ್ ತುಂಬಾ ನೀರು ನಿಂತಾಗ ಬಹ್ರೈನಿನ ಹುಡುಗನೊಬ್ಬ ಈಜುತ್ತಾ ತವಾಫ್ ಮಾಡಿದ ಚಿತ್ರವನ್ನು ಹಲವರು ನೋಡಿರಬಹುದು. 2009ರ ನವೆಂಬರ್ 25ರಂದು, ಹಜ್ಜ್ ಆರಂಭವಾದ ದಿನವೇ, ಜಿದ್ದಾದಲ್ಲಿ ಸುರಿದ ಮಳೆಗೆ 120ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಈಗ 2024ರ ಮಾತಿಗೆ ಬರುತ್ತೇನೆ. ಆ ವರ್ಷ ಜೂನ್ 14ರಿಂದ 19ರವರೆಗೆ ಹಜ್ಜ್ ನಡೆಯಿತು. ಹದಿನೆಂಟು ಲಕ್ಷಕ್ಕೂ ಹೆಚ್ಚು ಹಾಜಿಗಳಿದ್ದರು. ಅವರಲ್ಲಿ ನನ್ನ ಉಮ್ಮ, ತಮ್ಮ ಮತ್ತು ನಾನೂ ಇದ್ದೆವು. ಉಮ್ಮನಿಗೆ ಆಗ 67 ವರ್ಷ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಜೂನ್ 17ರಂದು ಹರಮ್‌ನ ಬಳಿ ಉಷ್ಣತೆ 51.8 ಡಿಗ್ರಿ ಮುಟ್ಟಿತು. ಅದೇ ದಿನ ಅಸರ್ ನಮಾಝ್ ಮುಗಿಸಿ ನಾವು ಮಿನಾದ ಡೇರೆಯಿಂದ ಕಲ್ಲೆಸೆಯಲು ಜಮರಾತ್‌ಗೆ ಹೊರಟೆವು. ಡೇರೆಯೊಳಗೆ ತಂಪು ಯಂತ್ರವಿತ್ತು. ಹೊರಗೆ ಕಾಲಿಟ್ಟರೆ ಒಲೆಯ ಬಾಯಿಯ ಮುಂದೆ ನಿಂತಂತೆ. ಅರ್ಧ ದಾರಿ ಹೋಗುವಷ್ಟರಲ್ಲಿ, ಸದಾ ದಿಕ್ರ್ ಹೇಳುತ್ತಾ ನಡೆಯುತ್ತಿದ್ದ ಉಮ್ಮ ಮೌನವಾದರು. ಏನಾಯಿತೆಂದು ಕೇಳಿದೆ. "ಒಲೆಯ ಮೇಲೆ ಗಂಜಿ ಇದೆ, ಮನೆಗೆ ಹೋಗೋಣ ಮಗಳೇ" ಎಂದರು. ಮೈ ಮುಟ್ಟಿದರೆ ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ.

ಬಿಸಿಲ ಹೊಡೆತದ ಗುರುತು ಇದೇ. ಬೆವರು ಆರುವಾಗ ಮೈಯ ಶಾಖವನ್ನು ಕೊಂಡೊಯ್ಯುತ್ತದೆ. ಬೆವರಲು ನೀರಿಲ್ಲದಿದ್ದಾಗ ಮೈಯೊಳಗಿನ ಉಷ್ಣತೆ 40 ಡಿಗ್ರಿ ದಾಟುತ್ತದೆ, ಮೆದುಳು ಕೆಲಸ ತಪ್ಪುತ್ತದೆ, ಮಾತು ತಪ್ಪುತ್ತದೆ. ಆಗ ಪ್ರತಿ ನಿಮಿಷಕ್ಕೂ ಬೆಲೆ. ತಮ್ಮ ಉಮ್ಮನನ್ನು ಎತ್ತಿಕೊಂಡು ನೆರಳಿಗೆ ತಂದ. ಇದ್ದ ಬಾಟಲಿಗಳ ನೀರನ್ನೆಲ್ಲ ಉಮ್ಮನ ಬಟ್ಟೆಯ ಮೇಲೆ ಸುರಿದು, ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಬೀಸತೊಡಗಿದೆವು. ಗುರುತು ಪರಿಚಯವಿಲ್ಲದ ಹೆಂಗಸರು ತಮ್ಮ ದುಪಟ್ಟಾಗಳನ್ನು ಹಿಡಿದು ಸುತ್ತಲೂ ಮರೆ ಮಾಡಿದರು. ಭಾಷೆ ತಿಳಿಯದ ಒಬ್ಬ ಮುದುಕಿ ತನ್ನ ಕೊಡೆಯನ್ನು ಉಮ್ಮನ ತಲೆಯ ಮೇಲೆ ಹಿಡಿದು ಆಂಬುಲೆನ್ಸ್ ಬರುವವರೆಗೂ ಕದಲಲಿಲ್ಲ. ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದು, ಅಲ್ಲಾಹನ ಅನುಗ್ರಹದಿಂದ ಉಮ್ಮ ಚೇತರಿಸಿಕೊಂಡರು. ಉಮ್ಮನ ಪಾಲಿನ ಕಲ್ಲುಗಳನ್ನು ತಮ್ಮ ಎಸೆದ. ಎಲ್ಲರಿಗೂ ಆ ಭಾಗ್ಯ ಇರಲಿಲ್ಲ. ಆ ಹಜ್ಜ್‌ನಲ್ಲಿ 1,301 ಮಂದಿ ತೀರಿಕೊಂಡರೆಂದು ಸೌದಿ ಸರಕಾರವೇ ಪ್ರಕಟಿಸಿತು. ಅವರಲ್ಲಿ 83 ಶೇಕಡ ಮಂದಿ ಅನುಮತಿ ಪತ್ರವಿಲ್ಲದೆ ಬಂದು, ನೆರಳಿಲ್ಲದೆ, ತಂಗಲು ಜಾಗವಿಲ್ಲದೆ ಬಹುದೂರ ನಡೆದವರು. ಅಗ್ಗದ ದಾರಿ ಹೇಳಿ ಸಂದರ್ಶನ ವೀಸಾದಲ್ಲಿ ಕರೆದೊಯ್ಯುವವರ ಮಾತಿಗೆ ಮರುಳಾಗುವವರು ಈ ಲೆಕ್ಕವನ್ನು ನೆನಪಿಡಬೇಕು.

ಆಸ್ಪತ್ರೆಯಲ್ಲಿ ಡಾಕ್ಟರ್ ಉಮ್ಮನನ್ನು ಕೇಳಿದ ಮೊದಲ ಪ್ರಶ್ನೆ, ಬೆಳಗ್ಗಿನಿಂದ ಎಷ್ಟು ನೀರು ಕುಡಿದಿರಿ ಎಂದು. ಉಮ್ಮ ತಲೆ ತಗ್ಗಿಸಿ ಅರ್ಧ ಬಾಟಲಿ ಎಂದರು. ಕಾರಣ ಬಾಯಾರಿಕೆ ಇಲ್ಲದ್ದಲ್ಲ. ಹೆಂಗಸರ ಶೌಚಾಲಯದ ಮುಂದೆ ಯಾವಾಗಲೂ ಉದ್ದನೆಯ ಸಾಲು. ಮೊಣಕಾಲು ನೋವಿನ ಉಮ್ಮನಿಗೆ ಅಷ್ಟು ಹೊತ್ತು ನಿಲ್ಲಲಾಗದು. ನೀರು ಕುಡಿಯದಿದ್ದರೆ ಹೋಗಬೇಕಾಗಿಲ್ಲವಲ್ಲ ಎಂಬುದು ಅವರ ಲೆಕ್ಕ. ನಮ್ಮ ಡೇರೆಯಲ್ಲಿದ್ದ ಇತರ ಹೆಂಗಸರನ್ನು ವಿಚಾರಿಸಿದೆ. ಹೆಚ್ಚಿನವರದೂ ಇದೇ ಲೆಕ್ಕ. ಈ ಅಭ್ಯಾಸ ಅಲ್ಲಿ ಆರಂಭವಾದದ್ದೂ ಅಲ್ಲ. ಮದುವೆ ಮನೆಗೆ ಹೋಗುವಾಗ, ದೂರದ ಬಸ್ಸು ಹತ್ತುವಾಗ, ಶಾಲೆಯಲ್ಲಿ ಶೌಚಾಲಯ ಸರಿಯಿಲ್ಲದಾಗ ನಾವು ಹೆಂಗಸರು ಚಿಕ್ಕಂದಿನಿಂದ ಕಲಿತದ್ದು ಇದನ್ನೇ. ನಮ್ಮ ಊರಿನಲ್ಲಿ ಅದು ತಲೆನೋವು, ಉರಿಮೂತ್ರ ತರುತ್ತದೆ. 50 ಡಿಗ್ರಿಯ ಬಿಸಿಲಿನಲ್ಲಿ ಅದು ಜೀವವನ್ನೇ ಕೇಳುತ್ತದೆ.

"ಅಲ್ಲೇ ತೀರಿಹೋಗಿದ್ದರೆ ಪುಣ್ಯಭೂಮಿಯಲ್ಲಿ ಮಣ್ಣಾಗುತ್ತಿದ್ದೆ" ಎಂದು ಉಮ್ಮ ಆಮೇಲೆ ಹೇಳಿದ್ದುಂಟು. ಅನೇಕ ಹಿರಿಯರ ಆಸೆ ಇದು. ಆ ಆಸೆಯನ್ನು ನಾನು ಹಗುರ ಮಾಡಲಾರೆ. ಆದರೆ ಮರಣದ ಸಮಯ ಅಲ್ಲಾಹನ ಕೈಯಲ್ಲಿದೆ, ಬಾಟಲಿಯ ನೀರು ನಮ್ಮ ಕೈಯಲ್ಲಿದೆ. ಕಷ್ಟಪಟ್ಟಷ್ಟೂ ಪುಣ್ಯ ಎಂದು ದೇಹವನ್ನು ದಂಡಿಸುವುದು ಪ್ರವಾದಿ(ಸ) ಕಲಿಸಿದ ದಾರಿಯಲ್ಲ. ಬಿಸಿಲು ಹೆಚ್ಚಿದ್ದಾಗ ಝುಹರ್ ನಮಾಝನ್ನು ತಂಪು ಹೊತ್ತಿಗೆ ಮುಂದೂಡಲು ಅವರು ಹೇಳಿದ್ದರು. ಅಸ್ವಸ್ಥರಾಗಿದ್ದ ಉಮ್ಮು ಸಲಮಾ(ರ) ಅವರಿಗೆ ವಾಹನದ ಮೇಲೆ ಕುಳಿತು ತವಾಫ್ ಮಾಡಲು ತಿಳಿಸಿದರು. ಮೈಭಾರದ ಸೌದಾ(ರ) ಅವರಿಗೆ ಮುಝ್ದಲಿಫಾದಿಂದ ಜನಜಂಗುಳಿಗೆ ಮುಂಚೆ ರಾತ್ರಿಯೇ ಹೊರಡಲು ಅನುಮತಿ ಕೊಟ್ಟರು. ಕಲ್ಲೆಸೆಯುವಾಗ ಸ್ವತಃ ಪ್ರವಾದಿ(ಸ)ಯವರಿಗೆ ಸಂಗಾತಿಯೊಬ್ಬರು ಬಟ್ಟೆ ಎತ್ತಿ ಹಿಡಿದು ನೆರಳು ಮಾಡಿದ್ದನ್ನು ಕಣ್ಣಾರೆ ಕಂಡು ನಮಗೆ ತಿಳಿಸಿದವರು ಉಮ್ಮುಲ್ ಹುಸೈನ್(ರ) ಎಂಬ ಮಹಿಳೆ. ಹಾಗಿರುವಾಗ ಗಾಲಿಕುರ್ಚಿ ಹತ್ತಲು, ಕೊಡೆ ಹಿಡಿಯಲು, ತಮ್ಮ ಬದಲು ಮಗನಿಂದ ಕಲ್ಲೆಸೆಯಿಸಲು ನಮ್ಮ ಉಮ್ಮಂದಿರು ಯಾಕೆ ಸಂಕೋಚಪಡಬೇಕು?

ಹಾಜಿಗಳಿಗಾಗಿ ಅಲ್ಲಿ ಬಹಳಷ್ಟು ಏರ್ಪಾಡುಗಳಾಗಿವೆ. ತವಾಫ್ ನಡೆಯುವ ಅಂಗಳಕ್ಕೆ ಗ್ರೀಸಿನ ಥಾಸೋಸ್ ದ್ವೀಪದ ಅಚ್ಚ ಬಿಳಿ ಅಮೃತಶಿಲೆ ಹಾಸಿದ್ದಾರೆ. ಅದು ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ಮಧ್ಯಾಹ್ನವೂ ಬರಿಗಾಲು ಇಡಬಹುದು. 1997ರ ಏಪ್ರಿಲ್‌ನಲ್ಲಿ ಮಿನಾದ ಡೇರೆಗಳಿಗೆ ಬೆಂಕಿ ಬಿದ್ದು 343 ಮಂದಿ ಮಡಿದ ಬಳಿಕ ಬೆಂಕಿ ಹಿಡಿಯದ ಡೇರೆಗಳು ಬಂದವು. ಅರಫಾತ್ ಬಯಲಿನಲ್ಲಿ ಸುಮಾರು 50,000 ಬೇವಿನ ಮರಗಳನ್ನು ಬೆಳೆಸಿದ್ದಾರೆ. ನಮ್ಮ ಹಿತ್ತಿಲಿನ ಬೇವನ್ನು ಅಲ್ಲಿ ಕಂಡು ಉಮ್ಮ ಅದರ ಎಲೆ ಮುಟ್ಟಿ ನೋಡಿದ್ದರು. ನೀರಿನ ತುಂತುರು ಬಿಡುವ ಫ್ಯಾನುಗಳಿವೆ. ಕೆಲವು ಕಾಲುದಾರಿಗಳಿಗೆ ಶಾಖ ಹೀರದ ಬಿಳಿ ಲೇಪ ಬಳಿದಿದ್ದಾರೆ. ಇಷ್ಟೆಲ್ಲ ಇದ್ದರೂ ಡೇರೆಗೂ ಜಮರಾತ್‌ಗೂ ನಡುವಿನ ದಾರಿಯನ್ನು ನಡೆಯಬೇಕಾದ್ದು ನಮ್ಮ ಕಾಲು, ನಮ್ಮ ಹೃದಯ.

ಇಲ್ಲಿ ನನ್ನ ಮನಸ್ಸನ್ನು ಕೊರೆಯುವ ಮಾತೊಂದಿದೆ. ಉಮ್ಮ 67ನೇ ವಯಸ್ಸಿನವರೆಗೆ ಯಾಕೆ ಕಾದರು? ನಮ್ಮ ತಂದೆ ಇದ್ದಾಗ, ಉಮ್ಮನಿಗೆ ನಲವತ್ತೆಂಟು ಆಗಿದ್ದಾಗ ಹಜ್ಜ್‌ಗೆಂದೇ ಕೂಡಿಟ್ಟ ಹಣವಿತ್ತು. ಅದು ನನ್ನ ತಂಗಿಯ ಮದುವೆಯ ಚಿನ್ನಕ್ಕೆ ಹೋಯಿತು. ಮತ್ತೆ ಕೂಡಿಟ್ಟದ್ದು ಮನೆಯ ಮೇಲಿನ ಮಹಡಿಗೆ, ತಮ್ಮನ ಗಲ್ಫ್ ವೀಸಾಕ್ಕೆ ಹೋಯಿತು. ನಮ್ಮ ಸಮಾಜದಲ್ಲಿ ಹಜ್ಜ್ ಎಂದರೆ ಎಲ್ಲ ಜವಾಬ್ದಾರಿ ಮುಗಿದ ಮೇಲೆ ಮಾಡುವ ಕೊನೆಯ ಕೆಲಸ. ಹೆಂಗಸರ ಜವಾಬ್ದಾರಿ ಮುಗಿಯುವುದೇ ಇಲ್ಲ. ಮಗಳ ಮದುವೆಯಾದರೆ ಬಾಣಂತನ, ಅದಾದರೆ ಮೊಮ್ಮಕ್ಕಳು. ಕೊನೆಗೆ ಮೊಣಕಾಲು ಸವೆದು, ಸಕ್ಕರೆ ಕಾಯಿಲೆ ಅಂಟಿಕೊಂಡ ಮೇಲೆ, ಅತ್ಯಂತ ಕಠಿಣ ಹವೆಗೆ ಅತ್ಯಂತ ದುರ್ಬಲ ದೇಹವನ್ನು ನಾವು ಕಳುಹಿಸುತ್ತೇವೆ. ಹಜ್ಜ್ ಕಡ್ಡಾಯವಾಗುವುದು ಸಾಮರ್ಥ್ಯ ಇದ್ದವರಿಗೆ. ಸಾಮರ್ಥ್ಯವೆಂದರೆ ಹಣ ಮಾತ್ರವಲ್ಲ, ಆರೋಗ್ಯವೂ ಹೌದು. ಮದುವೆಯ ಚಿನ್ನವನ್ನೂ ಐನೂರು ಮಂದಿಯ ಊಟವನ್ನೂ ಯಾವ ಫಿಕ್‌ಹ್ ಗ್ರಂಥವೂ ಕಡ್ಡಾಯ ಮಾಡಿಲ್ಲ.

ಮುಂದಿನ ವರ್ಷಗಳ ಲೆಕ್ಕವನ್ನೂ ತಿಳಿದಿರುವುದು ಒಳ್ಳೆಯದು. ಚಾಂದ್ರ ವರ್ಷ ಸೂರ್ಯ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆದ್ದರಿಂದ ಹಜ್ಜ್ ಪ್ರತಿ ವರ್ಷ ಅಷ್ಟು ಹಿಂದೆ ಸರಿಯುತ್ತಾ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2025ರ ಹಜ್ಜ್ ಜೂನ್ ಮೊದಲ ವಾರದಲ್ಲಿತ್ತು. 2026ರದ್ದು ಮೇ ಕೊನೆಯ ವಾರಕ್ಕೆ, 2030ರದ್ದು ಏಪ್ರಿಲ್ ನಡುವಿಗೆ ಬರುತ್ತದೆ. 2035ರ ಹೊತ್ತಿಗೆ ಫೆಬ್ರವರಿ. 2039ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ, ಹೀಗೆ ಒಂದೇ ವರ್ಷದಲ್ಲಿ ಎರಡು ಹಜ್ಜ್ ಬರುವ ಲೆಕ್ಕವಿದೆ. ಬೇಸಿಗೆಯ ಹಜ್ಜ್ ಮರಳುವುದು 2050ರ ಸುಮಾರಿಗೆ. ಮೇ ತಿಂಗಳ ಮಕ್ಕಾವೂ ಸುಡುತ್ತದೆ, ಚಳಿಗಾಲದಲ್ಲಿ ಪ್ರವಾಹದ ಭಯವಿದೆ. ಆದರೂ ಮುಂದೆ ಕೆಲವು ವರ್ಷಗಳ ಹಿತವಾದ ಹವೆ ನಮಗಾಗಿ ಕಾದಿದೆ. ಅಮೆರಿಕದ ಎಂಐಟಿಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, 2047ರಿಂದ 2052ರ ನಡುವಿನ ಹಜ್ಜ್‌ಗಳಲ್ಲಿ ಶಾಖದ ಅಪಾಯ ತೀವ್ರವಾಗಲಿದೆ ಎಂದು ಎಚ್ಚರಿಸಿದೆ. ಆಗ ಕೆಂಪು ಸಮುದ್ರದ ತೇವವೂ ಬಿಸಿಲಿನ ಜೊತೆ ಸೇರುತ್ತದೆ. ಜಿದ್ದಾದ ಸೆಖೆ, ಮಕ್ಕಾದ ಉರಿ ಎರಡೂ ಒಟ್ಟಿಗೆ ಬಂದರೆ ಬೆವರಿಗೆ ಆರುವ ದಾರಿಯೇ ಇರದು. ಇಂದು ಮೂವತ್ತು, ನಲವತ್ತರಲ್ಲಿರುವ ಸಹೋದರಿಯರು ಜವಾಬ್ದಾರಿ ಮುಗಿಯಲಿ ಎಂದು ಕಾದರೆ ತಲುಪುವುದು ಆ ವರ್ಷಗಳಿಗೇ.

ಹೊರಡುವ ಸಹೋದರಿಯರಿಗೆ ಕೆಲವು ಮಾತು. ಎರಡು ತಿಂಗಳು ಮೊದಲೇ ದಿನವೂ ನಡೆಯುವ ಅಭ್ಯಾಸ ಮಾಡಿ. ರಕ್ತದೊತ್ತಡದ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ಮೈಯ ನೀರು ತೆಗೆಯುತ್ತವೆ, ಆದ್ದರಿಂದ ಹೊರಡುವ ಮುಂಚೆ ಡಾಕ್ಟರರನ್ನು ಕೇಳಿ. ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ, ತಂಪಾದ ಚೀಲದಲ್ಲಿಡಿ. ಬಾಯಾರಿಕೆಗೆ ಕಾಯದೆ ಸ್ವಲ್ಪ ಸ್ವಲ್ಪ ನೀರು ಕುಡಿಯುತ್ತಿರಿ, ನಡುವೆ ಓಆರ್‌ಎಸ್ ಇರಲಿ. ಕಲ್ಲೆಸೆಯಲು ಸಾಧ್ಯವಾದರೆ ರಾತ್ರಿಯ ಹೊತ್ತು ಆರಿಸಿ. ಜೊತೆಗಿರುವವರ ಮಾತು ತಪ್ಪಿದರೆ, ಬೆವರು ನಿಂತರೆ, ಪ್ರಜ್ಞೆ ಮಸುಕಾದರೆ ಬಾಯಿಗೆ ನೀರು ಸುರಿಯಬೇಡಿ, ಮೈಗೆ ಸುರಿಯಿರಿ, ಗಾಳಿ ಬೀಸಿ, ಕೂಡಲೇ ಸಹಾಯ ಕರೆಯಿರಿ. ಇನ್ನು ಹಜ್ಜ್ ತರಬೇತಿ ಶಿಬಿರ ನಡೆಸುವವರಲ್ಲಿ ನನ್ನ ವಿನಂತಿ. ಹೆಂಗಸರಿಗೆ ಹೆಂಗಸರಿಂದಲೇ ಒಂದು ತಾಸು ಇದನ್ನು ಹೇಳಿಸಿರಿ. ಶೌಚಾಲಯದ ಮಾತನ್ನು ಗಂಡಸರ ಮುಂದೆ ಯಾವ ಉಮ್ಮನೂ ಎತ್ತಲಾರಳು.

ಈಗ ನಮ್ಮ ಮದ್ರಸದಲ್ಲಿ ಹಜ್ಜ್‌ನ ಪಾಠ ಬಂದಾಗ ಹೆಣ್ಣುಮಕ್ಕಳ ನೋಟ್‌ಬುಕ್‌ನಲ್ಲಿ ಅರ್ಕಾನ್‌ಗಳ ಪಟ್ಟಿಯ ಕೆಳಗೆ ಇನ್ನೊಂದು ಸಾಲನ್ನು ಬರೆಸುತ್ತೇನೆ: ನನ್ನ ಉಮ್ಮ ಯಾವ ವರ್ಷ ಹಜ್ಜ್‌ಗೆ ಹೋಗುತ್ತಾರೆ? ಮನೆಗೆ ಹೋಗಿ ಕೇಳಿ ಬರೆದು ತನ್ನಿ ಎನ್ನುತ್ತೇನೆ. ಹೆಚ್ಚಿನವರು ಖಾಲಿ ಬಿಟ್ಟೇ ತರುತ್ತಾರೆ. ಕಳೆದ ಸಲ ಮೂವರು ಮಕ್ಕಳು ಇಸವಿ ಬರೆದು ತಂದಿದ್ದರು.